ಆರೈಕೆ ಬೇಡದ ಗಿಡಗಳು

"ನೀರು ಹಾಕುವ ರಗಳೆ ಇರಬಾರದು. ಗೊಬ್ಬರದ ರಗಳೆ ಇರಬಾರದು. ಆಳಿನ ರಗಳೆಯಂತೂ ಬೇಡವೇ ಬೇಡ. ಆದರೆ ಮೇಲೆ ಬಂದು ಕೂತವರಿಗೆ ಹಸಿರು ಕಾಣಬೇಕು."

ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ಹೆದ್ದಾರಿಯ ಬದಿಯಲ್ಲಿ ಒಂದು ಹೋಟೆಲು. ಅದರ ಧಣಿಗಳು ನಮ್ಮನ್ನು ಕೂರಿಸಿಕೊಂಡು, ಚಹಾ ತರಿಸಿಕೊಟ್ಟು ಹೇಳಿದ ಮಾತಿದು. ಹೋಟೆಲಿನ ಹೆಸರು ಇಲ್ಲಿ ಬೇಡ. ಕುಕ್ಕೆಗೆ ಹೋಗುವವರು, ಮಡಿಕೇರಿಗೆ ಹೋಗುವವರು ನಿಲ್ಲಿಸಿ ಉಂಡು ಹೋಗುವ ಅಂಥ ಹೋಟೆಲು ಆ ದಾರಿಯಲ್ಲಿ ಬೇಕಾದಷ್ಟುಂಟು. ಈಗ ಎಲ್ಲರಿಗೂ ತಾರಸಿಯ ಮೇಲೆ ನಾಲ್ಕು ಮೇಜು ಹಾಕುವ ಹುಚ್ಚು. ಮೇಜಿನ ಸುತ್ತ ಗಿಡ ಬೇಕು. ಗಿಡ ಸಾಯಬಾರದು, ಸಾಯದ ಹಾಗೆ ನೋಡಿಕೊಳ್ಳುವವರಿಗೆ ಸಂಬಳವೂ ಕೊಡಬಾರದು.

ನಾವು ಅಂದರೆ ಮೂವರು. ಒಬ್ಬ ಪುತ್ತೂರಿನ ಒಂದು ಕಾಲನಿಯವ, ಡಿಗ್ರಿ ಮುಗಿಸಿ ಪದ್ಯ ಬರೆದುಕೊಂಡು ಅಲೆಯುವವ. ಒಬ್ಬ ಸುಳ್ಯದ ರಬ್ಬರ್ ಕಾಲನಿಯವ. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ನಂತರ ಸಿಲೋನಿನ ಚಹಾ ತೋಟಗಳಿಂದ ಹಡಗು ಹತ್ತಿ ಬಂದು, ಇಲ್ಲಿನ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ಮರಗಳ ಬುಡದಲ್ಲಿ ಇಳಿದ ತಮಿಳರ ಮೊಮ್ಮಗ. ಇನ್ನೊಬ್ಬಳು ಕಡಬದ ಕಡೆಯವಳು. ಗೇರಿನ ಕಸಿ ಕಟ್ಟುವ ಕೆಲಸಕ್ಕೆ ಹೋಗಿ ಹೋಗಿ ಅವಳ ಹೆಬ್ಬೆರಳಿನ ತುಂಬ ಬ್ಲೇಡಿನ ಗೆರೆ. ತಾಲೂಕು ಮೂರು, ಮನೆಮಾತು ಎರಡು. ಮೂವರೂ ಹುಟ್ಟಿದಲ್ಲಿಂದ ಗಿಡದ ಜೊತೆಗೇ ಇದ್ದವರು, ಆದರೆ ಒಂದು ಗಿಡವೂ ನಮ್ಮದಲ್ಲ. ಕಾಲನಿಯ ಹಿಂದೆ ತೊಟ್ಟೆಗಳಲ್ಲಿ ಗೆಲ್ಲು ಊರಿ ಸಣ್ಣದೊಂದು ನರ್ಸರಿ ಮಾಡಿದ್ದೆವು. ಅದನ್ನು ನೋಡಿದ ಯಾರೋ ಧಣಿಗಳಿಗೆ ಹೇಳಿದ್ದರು.

ಮಾರ್ಚಿ ತಿಂಗಳು, ಮಧ್ಯಾಹ್ನ ಎರಡು ಗಂಟೆ. ತಾರಸಿಗೆ ಹತ್ತಿದರೆ ಕಾಲಿಡಲಿಕ್ಕೆ ಆಗುವುದಿಲ್ಲ, ಕಾದ ಕಾವಲಿ. ಅರ್ಧಕ್ಕೆ ಶೀಟು ಹಾಕಿದ್ದರು. ನಮ್ಮ ಕಡೆ ಗೊತ್ತಲ್ಲ, ತಾರಸಿ ಕಟ್ಟಿದ ಎರಡು ಮಳೆಗಾಲಕ್ಕೆ ಅದು ಸೋರಲಿಕ್ಕೆ ಸುರು, ಆಮೇಲೆ ಅದರ ಮೇಲೊಂದು ಶೀಟು. ಉಳಿದರ್ಧ ಬಯಲು. ಅಲ್ಲಿ ಸಾಲಾಗಿ 58 ಚಟ್ಟಿಗಳು. ನಾವು ಎಣಿಸಿದೆವು. ಇಪ್ಪತ್ತರಲ್ಲಿ 'ಅರೆಕಾ ಪಾಮ್'. ಊರಿಡೀ ಅಡಿಕೆ ತೋಟ ಇರುವ ಪುತ್ತೂರಿನಲ್ಲಿ, ಬೆಂಗಳೂರಿನಿಂದ ಲಾರಿಯಲ್ಲಿ ತರಿಸಿದ ಅರೆಕಾ ಪಾಮ್! ಅದು ಅಡಿಕೆಯೂ ಅಲ್ಲ ಮಾರಾಯ್ರೆ, ಮಡಗಾಸ್ಕರದ ಯಾವುದೋ ತಾಳೆಯ ಜಾತಿ. ಎಲೆಯ ತುದಿಯೆಲ್ಲ ಸುಟ್ಟು ಕಂದಿತ್ತು. ಒಂದು ಮೂಲೆಯಲ್ಲಿ ಚಾಪೆಯ ಹಾಗೆ ಸುರುಳಿ ತಂದು ಹಾಸಿದ ಹುಲ್ಲು, ಅದೂ ಒಣಗಿ ನಾರು.

ನಾವು ಅಳತೆ ಮಾಡುತ್ತಿರುವಾಗ ಮೆಟ್ಟಿಲಿನಲ್ಲಿ ಉಸಿರಿನ ಸದ್ದು ಕೇಳಿತು. ಆಮೇಲೆ ಬಕೆಟ್ಟು ಕಂಡಿತು, ಆಮೇಲೆ ಸೆರಗು. ನಮ್ಮದೇ ಕಾಲನಿಯ ದೊಡ್ಡಮ್ಮ. ಅವಳು ಈ ಹೋಟೆಲಿಗೆ ಕೆಲಸಕ್ಕೆ ಬರುತ್ತಾಳೆ ಅಂತ ಗೊತ್ತಿತ್ತು, ಪಾತ್ರೆ ತೊಳೆಯಲಿಕ್ಕೆ ಅಂದುಕೊಂಡಿದ್ದೆವು. ಪಾತ್ರೆಯೂ ಹೌದು, ನೆಲ ಒರಸುವುದೂ ಹೌದು, ಗಿಡಕ್ಕೆ ನೀರೂ ಅವಳದ್ದೇ. ಕೆಳಗಿನ ನಲ್ಲಿಯಿಂದ ಮೇಲಿನ ಚಟ್ಟಿಗೆ 26 ಮೆಟ್ಟಿಲು. ಬಕೆಟ್ಟಿಗೆ 10 ಲೀಟರು. ಚಟ್ಟಿಗೆ ಎರಡು ಲೀಟರು ಅಂತ ಹಿಡಿದರೂ ಬೆಳಿಗ್ಗೆ 12 ಸಲ, ಸಂಜೆ 12 ಸಲ. ನಾವು ಪೇಪರಿನಲ್ಲಿ ಗುಣಿಸಿದೆವು. ದಿನಕ್ಕೆ 624 ಮೆಟ್ಟಿಲು, ತುಂಬಿದ ಬಕೆಟ್ಟು ಹಿಡಿದುಕೊಂಡು. ಅರುವತ್ತರ ಹತ್ತಿರದ ಮೊಣಕಾಲು.

ಇಷ್ಟು ಬರೆದು ತಲೆ ಎತ್ತಿ ನೋಡಿದರೆ ನಮ್ಮ ತಲೆಯ ಮೇಲೇ, ಮೆಟ್ಟಿಲಿನ ಕೋಣೆಯ ಮೇಲೆ, ಕಪ್ಪು ಟ್ಯಾಂಕಿ ಕೂತಿತ್ತು. ಎರಡು ಸಾವಿರ ಲೀಟರಿನದ್ದು. ಪಂಪು ಹಾಕಿದರೆ ನೀರು ತಾನಾಗಿ ಮೇಲೆ ಬರುತ್ತದೆ, ಅಡಿಗೆಮನೆಗೆ, ಕಕ್ಕಸಿಗೆ ಎಲ್ಲ ಅಲ್ಲಿಂದಲೇ ಇಳಿಯುತ್ತದೆ. ಅಂದರೆ ದೊಡ್ಡಮ್ಮ ಹೊತ್ತು ತರುತ್ತಿದ್ದ ನೀರು ಒಮ್ಮೆ ಪೈಪಿನಲ್ಲಿ ಮೇಲೆ ಹತ್ತಿ, ಪೈಪಿನಲ್ಲೇ ಕೆಳಗಿಳಿದು, ಆಮೇಲೆ ಅವಳ ಕೈಯಲ್ಲಿ ಪುನಃ ಮೇಲೆ ಹತ್ತುತ್ತಿತ್ತು. ಟ್ಯಾಂಕಿಯಿಂದ ತಾರಸಿಗೆ ಹತ್ತಡಿ ಪೈಪು, ಒಂದು ನಲ್ಲಿ. ಪ್ಲಂಬರ್ ಬಂದರೆ ಒಂದು ಗಂಟೆಯ ಕೆಲಸ. ನಾಲ್ಕು ವರ್ಷದಲ್ಲಿ ಅದು ಯಾರಿಗೂ ಹೊಳೆಯಲಿಲ್ಲ. ಧಣಿಗಳು ಕೆಟ್ಟವರು ಅಂತ ನಾವು ಹೇಳುತ್ತಿಲ್ಲ. ಹೇಳಿದ ಕೂಡಲೇ, "ಹೌದಲ್ಲ, ಛೆ!" ಅಂತ ಹಣೆಗೆ ಕೈ ಬಡಿದುಕೊಂಡರು. ಹಣೆಗೆ ಬಡಿದುಕೊಂಡದ್ದು ನಿಜವಾದ ಆಶ್ಚರ್ಯದಲ್ಲೇ. ಹೊರುವವರು ಇದ್ದಷ್ಟು ದಿನ ಹೊರೆ ಅನ್ನುವುದು ಕಣ್ಣಿಗೆ ಬೀಳುವುದಿಲ್ಲ.

ಆಳಿಲ್ಲದೆ ತೋಟ ನೋಡಿಕೊಳ್ಳುವ ಉಪಾಯ ನಮ್ಮ ಜಿಲ್ಲೆಗೆ ಹೊಸತೂ ಅಲ್ಲ. 1980ರ ದಶಕದಿಂದ ಸುಮಾರು 2000ದವರೆಗೆ ಇಲ್ಲಿನ ಸರಕಾರಿ ಗೇರು ಗುಡ್ಡೆಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಬಿಟ್ಟರು. ಗೇರಿನ ಚಿಗುರು ಹೀರುವ ಟೀ ಸೊಳ್ಳೆಯನ್ನು ಕೊಲ್ಲಲಿಕ್ಕೆ. ಮರ ಮರಕ್ಕೆ ಆಳು ಕಳಿಸುವ ಖರ್ಚು ಇಲ್ಲ, ರಗಳೆ ಇಲ್ಲ. ಗುಡ್ಡೆಯ ಬುಡದ ಬಾವಿಗೆ, ತೋಡಿಗೆ, ಸೊಪ್ಪಿಗೆ ಹೋದವರ ತಲೆಗೆ ಅದು ಇಳಿಯಿತು. ಕೊಯಿಲದಲ್ಲಿ, ಕೊಕ್ಕಡದಲ್ಲಿ ಆ ಮಕ್ಕಳನ್ನು ಹಗಲು ನೋಡಿಕೊಳ್ಳುವ ಕೇಂದ್ರಗಳನ್ನು ತೆರೆಯಬೇಕಾಯಿತು. ಸುಪ್ರೀಂ ಕೋರ್ಟು ಆ ವಿಷವನ್ನು ತಡೆದದ್ದು 2011ರಲ್ಲಿ. ಕಡಬದ ನಮ್ಮ ಗೆಳತಿ ಈ ಮಾತು ಬಂದಾಗ ಹೆಚ್ಚು ಮಾತಾಡುವುದಿಲ್ಲ. "ತೋಟ ಸುಲಭ ಆಯ್ತು, ಆರೈಕೆ ಎಲ್ಲ ಅಮ್ಮಂದಿರ ಮೈಮೇಲೆ ಬಿತ್ತು" ಅಂತ ಒಮ್ಮೆ ಹೇಳಿದ್ದಳು. ಅದಕ್ಕೇ 'ಆರೈಕೆ ಬೇಡದ ಗಿಡ' ಅಂತ ಯಾರಾದರೂ ಕೇಳಿದರೆ ನಮಗೆ ಒಂದು ಪ್ರಶ್ನೆ ಹುಟ್ಟುತ್ತದೆ. ಆರೈಕೆ ಬೇಡವಾದದ್ದು ಗಿಡಕ್ಕೋ, ಅಥವಾ ಅದನ್ನು ಮಾಡುವವರು ನಿಮಗೆ ಬೇಡವೋ?

ಪ್ರಶ್ನೆ ಇರಲಿ. ಕೆಲಸ ಒಪ್ಪಿಕೊಂಡೆವು, ನಮಗೂ ಹಣ ಬೇಕಿತ್ತು.

ತಾರಸಿಯ ಮೊದಲನೆಯ ಲೆಕ್ಕ ಭಾರದ್ದು. ಜನ ಓಡಾಡುವ ಮಾಡಿಗೆ ನಮ್ಮ ದೇಶದ ಕಟ್ಟಡದ ನಿಯಮದಲ್ಲಿ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ. ಮಳೆ ಕುಡಿದ ಕೆಂಪು ಮಣ್ಣನ್ನು ಬರೀ ನಾಲ್ಕು ಇಂಚು ಹರಡಿದರೆ ಅದೇ ಚದರ ಮೀಟರಿಗೆ 180 ಕಿಲೋದಷ್ಟಾಗುತ್ತದೆ. ಮೇಲೆ ಮೇಜು, ಕುರ್ಚಿ, ಉಣ್ಣುವವರು ಬೇರೆ. ಧಣಿಗಳಿಗೆ ಇಡೀ ತಾರಸಿಗೆ ಮಣ್ಣು ಹಾಸಿ ಹುಲ್ಲು ಬೆಳೆಸುವ ಆಸೆ ಇತ್ತು. ಬೇಡ, ಕೆಳಗೆ ಉಣ್ಣುವವರ ಎಲೆಗೆ ಕಾಂಕ್ರೀಟು ಬಿದ್ದೀತು ಅಂದೆವು. ಭಾರದ ತೊಟ್ಟಿಗಳನ್ನು ಅಡಿಯಲ್ಲಿ ಗೋಡೆ ಮತ್ತು ಭೀಮು ಹಾದುಹೋಗುವ ಕಡೆ, ಕಟ್ಟೆಯ ಬದಿಗೆ ಮಾತ್ರ ಇಡುವುದು. ಮಣ್ಣು ಒಂದು ಪಾಲು, ತೆಂಗಿನ ನಾರಿನ ಹುಡಿ ಎರಡು ಪಾಲು, ಹಟ್ಟಿಗೊಬ್ಬರ ಒಂದು ಪಾಲು, ಅಡಿಗೆಮನೆಯ ಇದ್ದಿಲ ಚೂರು ಸ್ವಲ್ಪ. ನಾರಿನ ಹುಡಿ ಒಣಗಿದಾಗ ಹತ್ತಿಯ ಹಾಗೆ ಹಗುರ, ನೀರು ಬಿದ್ದರೆ ತನ್ನ ತೂಕದ ಹಲವು ಪಟ್ಟು ಹಿಡಿದಿಟ್ಟುಕೊಳ್ಳುತ್ತದೆ. ಅಡಿಗೆ ಮುರಕಲ್ಲಿನ ಚೂರು.

ಎರಡನೆಯ ಲೆಕ್ಕ ನೀರಿನದ್ದು. ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಒಂದು ಮಿಲಿಮೀಟರ್ ಅಂದರೆ ಚದರ ಮೀಟರಿಗೆ ಒಂದು ಲೀಟರು. ಅಂದರೆ ಒಂದು ಚಾಪೆಯಗಲದ ತಾರಸಿಗೆ ವರ್ಷಕ್ಕೆ ನಾಲ್ಕು ಸಾವಿರ ಲೀಟರು ಆಕಾಶದಿಂದಲೇ ಬೀಳುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೆ. ಡಿಸೆಂಬರಿನಿಂದ ಏಪ್ರಿಲಿನವರೆಗೆ ನೋಡಿದರೆ ಹನಿ ಇಲ್ಲ. ಬೆಂಗಳೂರಿನ ನರ್ಸರಿಯವನಿಗೆ ಇದು ಗೊತ್ತಿರುವುದಿಲ್ಲ. ನಾಲ್ಕು ತಿಂಗಳು ಬೇರು ಕೊಳೆಯುವಷ್ಟು ನೀರು, ಐದು ತಿಂಗಳು ಬೇರು ಬೇಯುವಷ್ಟು ಬಿಸಿಲು. ಎರಡನ್ನೂ ತಾಳಿಕೊಳ್ಳುವ ಗಿಡ ಬೇಕು.

ಅಂಥ ಗಿಡ ಎಲ್ಲಿದೆ ಅಂತ ನಾವು ಪುಸ್ತಕ ನೋಡಬೇಕಾಗಲಿಲ್ಲ. ಕಾಲನಿಯ ಹಿಂದೆ ಪದವು ಉಂಟು. ಮುರಕಲ್ಲಿನ ಬೋಳು ಬಯಲು. ಗುದ್ದಲಿ ಹಾಕಿದರೆ ಕಿಡಿ ಹಾರುತ್ತದೆ. ಮಣ್ಣು ಅನ್ನುವುದು ಕಲ್ಲಿನ ಸೀಳಿನಲ್ಲಿ ಬೆರಳಗಲ. ತಾರಸಿಗೂ ಅದಕ್ಕೂ ಏನೂ ವ್ಯತ್ಯಾಸವಿಲ್ಲ. ಮಳೆಗಾಲದಲ್ಲಿ ಅದರ ಮೇಲೆ ನೀರು ನಿಂತು, ಪುಟ್ಟ ಪುಟ್ಟ ನೀಲಿ ಹೂ ಹರಡುತ್ತದೆ. ಆ ಹೂವಿನ ಗಿಡ ನೀರಿನ ಸಣ್ಣ ಹುಳಗಳನ್ನು ಹಿಡಿದು ತಿನ್ನುತ್ತದೆ, ಮಣ್ಣಿನಲ್ಲಿ ಸಾರ ಇಲ್ಲದ ಕಾರಣ. ನಮಗೆ ಅದರ ಮೇಲೆ ಯಾವಾಗಲೂ ಒಂದು ಪ್ರೀತಿ.

ನಮ್ಮ ಕಾಲನಿ ಪದವಿನ ಮೇಲೆ ಯಾಕೆ, ತೋಡಿನ ಬದಿಯ ಬೈಲಿನಲ್ಲಿ ಯಾಕಲ್ಲ ಅಂತ ಕೇಳಬೇಡಿ. ಉತ್ತರ ನಿಮಗೆ ಗೊತ್ತುಂಟು. 1974ರ ಭೂಸುಧಾರಣೆಯಲ್ಲಿ ಗೇಣಿಗೆ ಉಳುತ್ತಿದ್ದವರಿಗೆ ಭೂಮಿ ಆಯಿತು, ನಮ್ಮ ಜಿಲ್ಲೆಯಲ್ಲಿ ಬಹಳ ಮಂದಿಗೆ ಆಯಿತು, ಸಂತೋಷ. ಗೇಣಿ ಚೀಟು ಕೂಡ ಇಲ್ಲದ ಮೂಲದಾಳುಗಳಿಗೆ ಸಿಕ್ಕಿದ್ದು ಹೆಚ್ಚೆಂದರೆ ಮನೆಯಡಿ, ಸೆಂಟ್ಸ್ ಲೆಕ್ಕದಲ್ಲಿ. ಮದ್ರಾಸ್ ಆಡಳಿತದ ಕಾಲದಲ್ಲಿ 'ಡಿಪ್ರೆಸ್ಡ್ ಕ್ಲಾಸ್' ಅಂತ ನಮಗೇ ಕಾದಿರಿಸಿದ ಡಿ.ಸಿ. ಮನ್ನಾ ಭೂಮಿ ಕಾಗದದಲ್ಲಿ ಉಂಟು. ಕಾಗದ ಹಿಡಿದು ಹೋದರೆ ಎಷ್ಟೋ ಕಡೆ ಅಲ್ಲಿ ಬೇರೆಯವರ ಅಡಿಕೆ ಫಲ ಬಿಡುತ್ತಾ ಉಂಟು. ಪುತ್ತೂರು, ಸುಳ್ಯ, ಕಡಬದ ತಾಲೂಕು ಕಚೇರಿಯ ಮೆಟ್ಟಿಲಲ್ಲಿ ನಮ್ಮ ಸಂಘಟನೆಯವರು ಎಷ್ಟು ಸಲ ಕೂತರೋ. ಪುತ್ತೂರಿನಲ್ಲೇ ಬಾಳಿದ ಕಾರಂತರ 'ಚೋಮನ ದುಡಿ' ಬಂದದ್ದು 1933ರಲ್ಲಿ. ಬೇಸಾಯಕ್ಕೊಂದು ತುಂಡು ನೆಲ ಬೇಕು ಅಂತ ಆಸೆಪಟ್ಟ ಚೋಮ. ಶಾಲೆಯಿಂದ ನಮ್ಮನ್ನು ಬಾಲವನಕ್ಕೆ ಕರೆದುಕೊಂಡು ಹೋಗಿದ್ದರು, ನಾವು ಅಲ್ಲಿ ಜಾರುಬಂಡಿ ಆಡಿ ಬಂದೆವು. ಚೋಮ ಯಾರು ಅಂತ ಗೊತ್ತಾದದ್ದು ಕಾಲೇಜಿಗೆ ಬಂದ ಮೇಲೆ.

ಈಗ ನೋಡಿದರೆ, 'ಇಲ್ಲಿ ಇಂಥ ಗಿಡ ಇರಲಿ, ಅಲ್ಲಿ ಬೇಡ' ಅಂತ ಹೇಳುವ ಅಧಿಕಾರ ನಮಗೆ ಮೊದಲ ಬಾರಿ ಸಿಕ್ಕಿದ್ದು ಒಂದು ಹೋಟೆಲಿನ ಮಾಡಿನ ಮೇಲೆ, ಹತ್ತಿಪ್ಪತ್ತು ಬುಟ್ಟಿ ಮಣ್ಣಿಗೆ. ಅದೂ ಧಣಿಗಳ ಮಣ್ಣು. ಆದರೂ ಸುಳ್ಳು ಯಾಕೆ ಹೇಳಬೇಕು, ಪೆನ್ಸಿಲು ಹಿಡಿದು ತಾರಸಿಯ ಚಿತ್ರ ಬರೆಯುವಾಗ ಕೈ ನಡುಗಿತು.

ಬಿಸಿಲು ಬಡಿಯುವ ಪಡುವಣ ಕಟ್ಟೆಗೆ ಕೇಪುಳ. ಪೇಟೆಯ ನರ್ಸರಿಯ ದೊಡ್ಡ ಹೂವಿನ ಕೇಪುಳ ಅಲ್ಲ, ಪದವಿನ ಕಾಡು ಕೇಪುಳ. ಬೇರು ಒಮ್ಮೆ ಹಿಡಿದರೆ ಬೇಸಿಗೆಯಲ್ಲೂ ಕೆಂಪು ಹೂ ಬಿಡುತ್ತದೆ, ಆಮೇಲೆ ಹಣ್ಣು. ದನ ಮೇಯಿಸುವಾಗ ಹೊಟ್ಟೆಗೆ ಅದೇ ಇತ್ತು. ಅದರ ಸಂದಿಯಲ್ಲಿ ಮಜ್ಜಿಗೆ ಹುಲ್ಲು, ಅಡಿಗೆಯವರು ಕಷಾಯಕ್ಕೆ ಕೊಯ್ದಷ್ಟೂ ದಟ್ಟವಾಗುತ್ತದೆ. ಬಟ್ಟಲಿನಂಥ ಸಣ್ಣ ಚಟ್ಟಿಗಳಿಗೆ ಸಾಂಬ್ರಾಣಿ, ಲೋಳೆಸರ, ಹತ್ತು ಗಂಟೆ ಹೂ. ಮೂರೂ ಎಲೆಯಲ್ಲಿ ನೀರು ಕಟ್ಟಿಟ್ಟುಕೊಳ್ಳುವ ಜಾತಿ, ಎಂಟು ದಿನ ಮರೆತರೂ ಮುನಿಸಿಕೊಳ್ಳುವುದಿಲ್ಲ. ಕಾಂಕ್ರೀಟಿನ ಸೀಳಿನಲ್ಲೂ ಹುಟ್ಟುವ ನಿತ್ಯಪುಷ್ಪ. ಟ್ಯಾಂಕಿಯ ನೀರು ತುಂಬಿ ಹೊರಗೆ ಬೀಳುವ ಪೈಪಿನ ಬುಡದಲ್ಲಿ ತಿಮರೆ, ಅದಕ್ಕೆ ಒದ್ದೆ ಇದ್ದರೆ ಆಯಿತು. ಕಾಗದ ಹೂ ಬೇಕು ಅಂದರು ಧಣಿಗಳು. ನೀರು ಕಡಿಮೆಯಾದರೆ ಹೂ ಹೆಚ್ಚು ಬಿಡುವ ಗಿಡ, ಒಳ್ಳೆಯದೇ, ಆದರೆ ಮುಳ್ಳು. ಮೇಜಿನಿಂದ ದೂರ, ಮೂಲೆಯಲ್ಲಿ ಒಂದೇ ಒಂದು ಇಟ್ಟೆವು. ಚಟ್ಟಿಯ ಅಡಿಯ ತಟ್ಟೆಗಳನ್ನೆಲ್ಲ ತೆಗೆಸಿದೆವು. ಸುಳ್ಯದ ಗೆಳೆಯ ಈ ವಿಷಯದಲ್ಲಿ ಹಟಮಾರಿ. ರಬ್ಬರ್ ಹಾಲು ಇಳಿಸುವ ಗೆರಟೆಯಲ್ಲಿ ಮಳೆನೀರು ನಿಂತು ಸೊಳ್ಳೆ ಮರಿ ಹಾಕುವುದನ್ನು, ಕಾಲನಿಗೆ ಕಾಲನಿಯೇ ಡೆಂಗಿ ಜ್ವರದಲ್ಲಿ ಮಲಗುವುದನ್ನು ನೋಡಿದವ ಅವ.

ದೊಡ್ಡ ತೊಟ್ಟಿಗಳ ನಡುವೆ ಮೆರುಗು ಹಾಕದ ಮಣ್ಣಿನ ಗಡಿಗೆ ಹೂತೆವು, ಕುತ್ತಿಗೆಯವರೆಗೆ. ನೀರು ತುಂಬಿಸಿ ಬಾಯಿ ಮುಚ್ಚಿದರೆ ಅದು ನಿಧಾನ ಬೆವರುತ್ತದೆ, ಬೇರು ತನಗೆ ಬೇಕಾದಷ್ಟು ಹೀರಿಕೊಳ್ಳುತ್ತದೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ತುಂಬಿಸಿದರೆ ಸಾಕು. ಹೊಸ ನಲ್ಲಿಗೆ ಒಂದು ರಬ್ಬರ್ ಪೈಪು.

ಇನ್ನು ಮರಕೆಸು. ನಮ್ಮ ಮೂವರಿಗೂ ಅದರ ಬಗ್ಗೆ ಜಂಬ. ಶೀಟಿನ ಕಂಬಗಳಿಗೆ ತೆಂಗಿನ ಸಿಪ್ಪೆ ಕಟ್ಟಿ, ಅದರೊಳಗೆ ಮರಕೆಸುವಿನ ಗಡ್ಡೆ ಇಟ್ಟೆವು. ಕಾಡಿನಲ್ಲಿ ಅದು ಮರದ ಕವಲಿನಲ್ಲಿ ಹುಟ್ಟುವುದು. ಮೊದಲ ಮಳೆಗೆ ಎದ್ದು ಬರುತ್ತದೆ, ಮಳೆ ಹೋದ ಮೇಲೆ ಎಲೆ ಕಳಚಿ ಗಡ್ಡೆಯೊಳಗೆ ಮಲಗುತ್ತದೆ. ನೀರಿಲ್ಲದ ಕಾಲದಲ್ಲಿ ಅದು ನೀರು ಕೇಳುವುದಿಲ್ಲ, ಯಾಕೆಂದರೆ ಆಗ ಅದು ಇರುವುದೇ ಇಲ್ಲ. ಧಣಿಗಳಿಗೆ ಇದು ಬಹಳ ಹಿಡಿಸಿತು. "ಆಟಿಯಲ್ಲಿ ಇದರದ್ದೇ ಪತ್ರೊಡೆ ಮಾಡಿ ಮಾರಬಹುದು. ತಾರಸಿಯ ಕೆಸು, ತಾರಸಿಯಲ್ಲೇ ಪತ್ರೊಡೆ!"

ಮಾರಬಹುದು. ಆಟಿ ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ನಮ್ಮ ಅಜ್ಜಿಯಂದಿರಿಗೆ ಆ ಶಬ್ದ ಕೇಳಿದರೆ ಹೊಟ್ಟೆ ಚುರ್ ಅನ್ನುತ್ತಿತ್ತು. ಗದ್ದೆ ಕೆಲಸ ಮುಗಿದಿದೆ, ಕೂಲಿ ಇಲ್ಲ, ಕೊಟ್ಟ ಭತ್ತ ತೀರಿದೆ, ಹೊರಗೆ ಕಾಲಿಡಲಾಗದ ಮಳೆ. ಆಗ ತಿಂದದ್ದು ತಜಂಕು, ಕೆಸು, ಕಣಿಲೆ. ಬೇರೆ ಏನೂ ಇಲ್ಲದ ಕಾರಣ ತಿಂದದ್ದು. ಈಗ 'ಆಟಿಡೊಂಜಿ ದಿನ' ಅಂತ ಬ್ಯಾನರು ಕಟ್ಟಿ, ಅದೇ ಸೊಪ್ಪನ್ನು ಬಾಳೆ ಎಲೆಯಲ್ಲಿ ಬಡಿಸಿ ಫೋಟೋ ತೆಗೆಯುತ್ತಾರೆ. ತಿನ್ನಲಿ, ರುಚಿಯೂ ಹೌದು. ಆದರೆ ಭಾಷಣ ಮಾಡುವವರು ಹಸಿವಿನ ಶಬ್ದ ಒಮ್ಮೆಯಾದರೂ ಹೇಳಬಾರದೆ?

ಜಗಳ ಬಂದದ್ದು ಗೆರಟೆಯ ವಿಷಯಕ್ಕೆ. ಜಗಳ ಅಂದರೆ ಬಾಯಿಬಿಟ್ಟು ಆಡಿದ್ದೇನೂ ಅಲ್ಲ.

ಏಪ್ರಿಲಿನಲ್ಲಿ ಒಂದು ದಿನ ಧಣಿಗಳು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ಯಾವುದೋ ರೆಸಾರ್ಟಿನದ್ದು. ತೆಂಗಿನ ಗೆರಟೆಗಳನ್ನು ಹಗ್ಗದಲ್ಲಿ ಕಟ್ಟಿ ಸಾಲಾಗಿ ತೂಗುಹಾಕಿ ಒಳಗೆ ಗಿಡ ನೆಟ್ಟಿದ್ದಾರೆ. "ಇದು ನಮ್ಮ ಊರಿನ ಟಚ್. ಗೆರಟೆ ಅಡಿಗೆಮನೆಯಲ್ಲಿ ದಿನಕ್ಕೆ ನೂರು ಸಿಗ್ತದೆ. ಖರ್ಚೂ ಇಲ್ಲ. ಮೆಟ್ಟಿಲಿನ ಬಾಗಿಲಿಗೆ ಒಂದು ಐವತ್ತು ಕಟ್ಟಿ."

ಮೂವರೂ ಸುಮ್ಮನಾದೆವು. ನಮ್ಮ ಅಜ್ಜನಿಗೆ ಪುತ್ತೂರು ಪೇಟೆಯ ಹೋಟೆಲಿನಲ್ಲಿ ಚಹಾ ಕೊಡುತ್ತಿದ್ದದ್ದು ಗೆರಟೆಯಲ್ಲಿ. ಹೊರಗಿನ ಚಿಟ್ಟೆಯ ಬದಿಗೆ, ಬಿದಿರಿನ ಗೂಟಕ್ಕೆ ಗೆರಟೆ ಸಿಕ್ಕಿಸಿ ಇಟ್ಟಿರುತ್ತಿದ್ದರಂತೆ. ತಾನೇ ತೆಗೆದುಕೊಂಡು ಹಿಡಿಯಬೇಕು, ಮೇಲಿನಿಂದ ಹೊಯ್ಯುತ್ತಾರೆ. ಕುಡಿದು, ತೊಳೆದು, ಪುನಃ ಗೂಟಕ್ಕೆ. ಸಾಯುವವರೆಗೂ ಅಜ್ಜ ಹೋಟೆಲಿನ ಒಳಗೆ ಕುರ್ಚಿಯಲ್ಲಿ ಕೂತರೆ ತುದಿಯಲ್ಲಿ ಕೂರುತ್ತಿದ್ದ, ಎದ್ದು ಹೋಗಲಿಕ್ಕೆ ತಯಾರಾದವರ ಹಾಗೆ. ಈಗ ಆ ಗೆರಟೆ ಐವತ್ತು ಸಾಲಾಗಿ ಹೋಟೆಲಿನ ಬಾಗಿಲಿಗೆ ತೂಗಬೇಕು, ಚೆಂದಕ್ಕೆ. ಅದನ್ನು ಕಟ್ಟುವವರು ನಾವು.

ನಾವು ಏನು ಹೇಳಿದೆವು ಗೊತ್ತಾ? "ಗೆರಟೆಯಲ್ಲಿ ಹಿಡಿಯುವುದು ಒಂದು ಮುಷ್ಟಿ ಮಣ್ಣು. ಮಾರ್ಚಿಯ ಬಿಸಿಲಿಗೆ ಅರ್ಧ ದಿನದಲ್ಲಿ ಒಣಗ್ತದೆ. ದಿನಕ್ಕೆ ಎರಡು ಸಲ ನೀರು ಬೇಕು. ಮಳೆಗಾಲದಲ್ಲಿ ತೂತು ಕಟ್ಟಿ ಸೊಳ್ಳೆ ಆಗ್ತದೆ. ಆರೈಕೆ ಜಾಸ್ತಿ, ನಿಮಗೆ ಆಗ್ಲಿಕ್ಕಿಲ್ಲ." ಎಲ್ಲವೂ ನಿಜ. ಒಂದಕ್ಷರ ಸುಳ್ಳಿಲ್ಲ. ಧಣಿಗಳು ಒಪ್ಪಿಕೊಂಡು ಮೊಬೈಲು ಕಿಸೆಗೆ ಹಾಕಿದರು.

ವೇದಿಕೆಯಲ್ಲಿ ಪದ್ಯ ಓದುವಾಗ ಮೈಕು ಅದುರುವಂತೆ ಕೂಗುವವರು ನಾವು. ಅಲ್ಲಿ, ಒಬ್ಬ ಮನುಷ್ಯನ ಎದುರು, ಅವರದ್ದೇ ಚಹಾದ ಗ್ಲಾಸು ಕೈಯಲ್ಲಿ ಹಿಡಿದುಕೊಂಡು, ನೀರಿನ ಲೆಕ್ಕದ ಹಿಂದೆ ಅಡಗಿ ಕೂತೆವು. ಹೇಳಿದ್ದು ದೊಡ್ಡಮ್ಮ. ನೆಲ ಒರಸುತ್ತಿದ್ದವಳು ಬಟ್ಟೆ ಹಿಂಡಿಕೊಂಡು, ತಲೆ ಎತ್ತದೆ, ಸಾದಾ ಸ್ವರದಲ್ಲಿ ಹೇಳಿದಳು: "ಗೆರಟೆಯಲ್ಲಿ ನಮ್ಮ ಅಪ್ಪನಿಗೆ ಚಾ ಕೊಡ್ತಿದ್ರು ಧಣಿ. ಅದು ಬಾಗಿಲಲ್ಲಿ ನೇತಾಡಿದ್ರೆ ನಾನು ಒಳಗೆ ಬರುವಾಗ ತಲೆಗೆ ತಾಗ್ತದೆ." ಧಣಿಗಳ ಮುಖ ಒಂದು ಕ್ಷಣ ಏನೋ ಆಯಿತು. ಅವರಿಗೂ ಐವತ್ತು ದಾಟಿದೆ, ನೋಡಿಯೇ ಇರುತ್ತಾರೆ. "ಬೇಡ, ಬೇಡ, ಆ ಗೆರಟೆ ಬೇಡ ಅಂತ ಆಯ್ತಲ್ಲ" ಅಂದು ಗಲ್ಲದ ಕಡೆಗೆ ಹೋದರು.

ಆ ದಿನ ಸಂಜೆ ಕಾಲನಿಯ ದಾರಿಯಲ್ಲಿ ಅವಳು ನಮ್ಮನ್ನು ನಿಲ್ಲಿಸಿ ಕೇಳಿದ್ದು ಬೇರೆಯೇ. "ನೀರು ಪೈಪಿನಲ್ಲಿ ಬರ್ತದೆ, ಗಿಡಕ್ಕೆ ನೀರೇ ಬೇಡ ಅಂತೀರಿ. ಬೊಕ್ಕ ಎಂಕ್ ದಾದ ಬೇಲೆ?" ಆಮೇಲೆ ನನಗೆ ಯಾವ ಕೆಲಸ ಅಂತ. ಧಣಿಗಳು ಅವಳಿಗೆ ಆಗಲೇ ಹೇಳಿದ್ದರು, ಜೂನಿನಿಂದ ಮಧ್ಯಾಹ್ನದವರೆಗೆ ಬಂದರೆ ಸಾಕು, ಸಂಬಳವೂ ಅರ್ಧ.

ನಾವು 624 ಮೆಟ್ಟಿಲಿನ ಲೆಕ್ಕ ಹಾಕಿ ಅವಳ ಮೊಣಕಾಲಿಗೆ ಉಪಕಾರ ಮಾಡಿದೆವು ಅಂದುಕೊಂಡಿದ್ದೆವು. ಆ ಮೆಟ್ಟಿಲಿನಲ್ಲಿ ಅವಳ ಅರ್ಧ ಸಂಬಳ ಇತ್ತು. ರಾತ್ರಿ ಮೂವರೂ ಜಗಳಾಡಿದೆವು. ಕೆಲಸ ಬಿಟ್ಟುಬಿಡುವ ಅಂತ ಒಬ್ಬ. ಬಿಟ್ಟರೆ ಬೇರೆ ಯಾರೋ ಬಂದು ಪ್ಲಾಸ್ಟಿಕ್ ಹುಲ್ಲು ಹಾಕುತ್ತಾರೆ, ಆಗ ಅವಳಿಗೆ ಮೆಟ್ಟಿಲೂ ಇಲ್ಲ ಸಂಬಳವೂ ಇಲ್ಲ ಅಂತ ಇನ್ನೊಬ್ಬ. ಕಡಬದವಳು ಮಾತ್ರ ಒಂದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯಲಿಕ್ಕೆ ಕೂತಳು. ಆರೈಕೆ ಕಡಿಮೆ ಅಂದರೆ ಎಷ್ಟು ಅಂತ.

ಪತ್ತನಾಜೆಯ ಮೊದಲು, ಅಂದರೆ ಮೇ 24ರ ಒಳಗೆ, ನೀರು ಹೋಗುವ ತೂತುಗಳನ್ನೆಲ್ಲ ತೆಗೆಯಬೇಕು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅವನ್ನು ನೋಡಬೇಕು, ಪಾಚಿ ಕೆರೆಯಬೇಕು, ಇಲ್ಲವಾದರೆ ಉಣ್ಣಲಿಕ್ಕೆ ಬಂದವರು ಸೊಂಟ ಮುರಿದುಕೊಳ್ಳುತ್ತಾರೆ. ನವೆಂಬರಿನಲ್ಲಿ ಮಜ್ಜಿಗೆ ಹುಲ್ಲು ಸವರಿ, ಕೇಪುಳದ ತಲೆ ಕತ್ತರಿಸಿ, ಬುಡಕ್ಕೆ ಹೊದಿಕೆ ಹಾಕಬೇಕು. ಜನವರಿಯಿಂದ ವಾರಕ್ಕೊಮ್ಮೆ ಗಡಿಗೆ ತುಂಬಿಸಬೇಕು. ಇನ್ನೊಂದು ದೊಡ್ಡ ಕೆಲಸ, ಕಾಗೆ ಹಿಕ್ಕೆಯಿಂದ ಕಟ್ಟೆಯ ಸೀಳಿನಲ್ಲಿ ಹುಟ್ಟುವ ಅಶ್ವತ್ಥದ ಸಸಿ, ಗೋಳಿಯ ಸಸಿ. ಎರಡು ವರ್ಷ ಬಿಟ್ಟರೆ ಬೇರು ಗೋಡೆಯನ್ನೇ ಸೀಳುತ್ತದೆ. ಹೋಟೆಲಿನ ಬೇರೆ ಕೆಲಸದವರು ಅಶ್ವತ್ಥ ಕೀಳುವುದಿಲ್ಲ, ಪಾಪ ಬರುತ್ತದಂತೆ. ಅದಕ್ಕೆ ಮೊದಲಿನಿಂದಲೂ ದೊಡ್ಡಮ್ಮನನ್ನೇ ಕರೆಯುವುದು. ಪಾಪವನ್ನೂ ನಮ್ಮ ಲೆಕ್ಕಕ್ಕೇ ಬರೆಯುವುದು ಈ ಊರಿನ ಹಳೆಯ ರೂಢಿ. ಆದರೆ ಆ ಕೆಲಸಕ್ಕೆ ಈವರೆಗೆ ಒಂದು ರೂಪಾಯಿ ಕೊಟ್ಟದ್ದಿಲ್ಲ.

ಎಲ್ಲ ಕೂಡಿಸಿದರೆ ತಿಂಗಳಿಗೆ ನಾಲ್ಕು ಪೂರ್ಣ ದಿನ. ಆ ಹಾಳೆ ಹಿಡಿದುಕೊಂಡು ಧಣಿಗಳ ಹತ್ತಿರ ಹೋದೆವು. ಪಾತ್ರೆ, ನೆಲದ ಕೆಲಸಕ್ಕೆ ಮಧ್ಯಾಹ್ನದವರೆಗಿನ ಸಂಬಳ ಬೇರೆ, ತೋಟದ ನಾಲ್ಕು ದಿನಕ್ಕೆ ಕೂಲಿ ಬೇರೆ. ಹೆಣ್ಣಾಳಿನ ಕೂಲಿ ಅಲ್ಲ, ತೋಟದಲ್ಲಿ ಗಂಡಾಳಿಗೆ ಕೊಡುವ ಕೂಲಿ. ಒಂದು ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡಬೇಕು.

"ಆರೈಕೆಯೇ ಬೇಡದ ಗಿಡ ಅಂತ ಹೇಳಿದ್ದಲ್ವಾ ನೀವು?"

"ಕಡಿಮೆ ಅಂತ ಹೇಳಿದ್ದು. ಆರೈಕೆಯೇ ಬೇಡದ್ದು ಅಂದ್ರೆ ಪ್ಲಾಸ್ಟಿಕ್, ಅದನ್ನೂ ಒರಸಲಿಕ್ಕೆ ಒಬ್ರು ಬೇಕು."

ಧಣಿಗಳು ನಕ್ಕರು. "ಡಿಗ್ರಿ ಮಾಡಿದವರಿಗೆ ಕೆಲಸ ಕೊಟ್ರೆ ಇದೇ ಗತಿ" ಅಂದರು. ಎರಡು ದಿನ ಬಿಟ್ಟು ಒಪ್ಪಿದರು. ಬದಲಿಗೆ ನಮ್ಮ ಸಂಬಳದಲ್ಲಿ ಸ್ವಲ್ಪ ಕಡಿಮೆ ಮಾಡಿದರು, ಗೋಡೆಗೊಂದು ಹಸಿರಿನ ಮೇಲಿನ ಪದ್ಯ ಬರೆದುಕೊಡಿ ಅಂತ ಕೇಳಿದರು. ಪದ್ಯ ಬರೆದುಕೊಡಲಿಲ್ಲ. ಲೆಕ್ಕ ಹಾಕಿದರೆ ದೊಡ್ಡಮ್ಮನಿಗೆ ಮೊದಲಿಗಿಂತ ಈಗಲೂ ಸ್ವಲ್ಪ ಕಡಿಮೆಯೇ ಬರುತ್ತದೆ. ಮಧ್ಯಾಹ್ನದ ನಂತರ ಅವಳು ಬೀಡಿ ಕಟ್ಟುತ್ತಾಳೆ. ಇದನ್ನು ಜಯ ಅಂತ ಕರೆಯಲಿಕ್ಕೆ ನಮಗೆ ಬಾಯಿ ಬರುವುದಿಲ್ಲ.

ಪತ್ತನಾಜೆಯ ವಾರದಲ್ಲಿ ನೆಟ್ಟೆವು. ಮೊದಲ ಮಳೆಗೆ ಎಲ್ಲ ಹಿಡಿಯಿತು. ಜುಲೈಯಲ್ಲಿ ಒಂದು ರಾತ್ರಿ ಹನ್ನೊಂದು ಗಂಟೆಗೆ ಧಣಿಗಳ ಫೋನು. ಎಡೆಬಿಡದ ಮಳೆ, ತಾರಸಿಯಲ್ಲಿ ಮೊಣಕಾಲಿನವರೆಗೆ ನೀರು, ಅದರ ಮೇಲೆ ಮೇಜು ತೇಲುತ್ತಾ ಉಂಟು, ಎಂಥ ಮಾಡಿದ್ದು ನೀವು? ತಪ್ಪು ನಮ್ಮದೇ. ಬುಡಕ್ಕೆ ಹೊದಿಕೆ ಅಂತ ಪುಕ್ಕಟೆ ಸಿಗುವ ಅಡಿಕೆ ಸಿಪ್ಪೆ ಹಾಕಿದ್ದೆವು, ನವೆಂಬರಿನಲ್ಲಿ ಹಾಕಬೇಕಾದ್ದನ್ನು ಉಮೇದಿನಲ್ಲಿ ಜೂನಿನಲ್ಲೇ. ಸಿಪ್ಪೆ ಹಗುರ. ನೀರು ಏರಿದ್ದೇ ತೇಲಿಕೊಂಡು ಹೋಗಿ ಎರಡೂ ತೂತಿಗೆ ಬೂಚು ಹಾಕಿದ ಹಾಗೆ ಕೂತಿತು. ಭಾರದ ಲೆಕ್ಕ ಅಷ್ಟು ಹಾಕಿದವರಿಗೆ, ನಿಂತ ನೀರು ಒಂದಡಿಗೆ ಚದರ ಮೀಟರಿಗೆ 300 ಕಿಲೋ ಆಗುತ್ತದೆ ಅನ್ನುವುದು ಆಗ ಹೊಳೆಯಿತು. ಬೈಕಿನಲ್ಲಿ ತೊಯ್ದುಕೊಂಡು ಓಡಿದೆವು.

ನಾವು ಹೋಗಿ ಮುಟ್ಟುವಾಗ ನೀರು ಇಳಿದಿತ್ತು. ಹೋಟೆಲಿನವರು ನಮಗಿಂತ ಮೊದಲು ದೊಡ್ಡಮ್ಮನಿಗೆ ಜೀಪು ಕಳಿಸಿದ್ದರು. ಅವಳು ಕೊರಂಬು ಹಾಕಿಕೊಂಡು, ಕತ್ತಲಲ್ಲಿ ನೀರೊಳಗೆ ಕೈ ಹಾಕಿ ತೂತು ಹುಡುಕಿ ಸಿಪ್ಪೆ ಎಳೆದು ಹಾಕಿದ್ದಳು. ಮೆಟ್ಟಿಲಿನ ಬಾಗಿಲಲ್ಲಿ ಕೂತು ನಡುಗುತ್ತಿದ್ದಳು. ನಮ್ಮನ್ನು ನೋಡಿ, "ಸಿಪ್ಪೆ ತೇಲ್ತದೆ ಅಂತ ಗೊತ್ತಿಲ್ವಾ ನಿಮಗೆ? ತೋಟದಲ್ಲಿ ಹುಟ್ಟಿದ ಮಕ್ಕಳು!" ಅಂತ ಬೈದಳು.

ಮರುದಿನ ಸಿಪ್ಪೆ ಎಲ್ಲ ತೆಗೆದು ಮುರಕಲ್ಲಿನ ಜಲ್ಲಿ ಹರಡಿದೆವು, ತೂತುಗಳಿಗೆ ಕಬ್ಬಿಣದ ಬಲೆ ಹಾಕಿದೆವು, ನಮ್ಮದೇ ಖರ್ಚಿನಲ್ಲಿ. ಆಮೇಲೆ ಗಲ್ಲದ ಹತ್ತಿರ ಹೋಗಿ ಪುಸ್ತಕ ಕೇಳಿದೆವು. ರಾತ್ರಿಯ ಕೆಲಸ ಅದರಲ್ಲಿ ಇರಲಿಲ್ಲ. ಧಣಿಗಳು ನಮ್ಮ ಮುಖ ನೋಡಿದರು, ಹೊರಗಿನ ಮಳೆ ನೋಡಿದರು. ಪೆನ್ನು ತೆಗೆದು ತಾರೀಖು ಹಾಕಿ ಒಂದು ದಿನ ಅಂತ ಬರೆದರು. ರಾತ್ರಿ ಕೆಲಸ, ಒಂದೂವರೆ ಆಗಬೇಕು ಅಂದಳು ದೊಡ್ಡಮ್ಮ ಹಿಂದಿನಿಂದ. ಒಂದನ್ನು ಹೊಡೆದು ಹಾಕಿ ಒಂದೂವರೆ ಮಾಡಿದರು.

ಕಂಬದ ಮರಕೆಸು ಆಗ ಅಂಗೈಯಗಲ ಎಲೆ ಬಿಟ್ಟಿತ್ತು. ಅವಳು ಹೋಗುವಾಗ ನಾಲ್ಕು ಎಲೆ ಕೊಯ್ದು, ಯಾರನ್ನೂ ಕೇಳದೆ, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.